ನೀಲಿ ಇಲ್ಲದ ಅಂಟು

ನನ್ನ ಮೊಮ್ಮಗಳು ವನಜ ಲೈಬ್ರೇರಿಯನ್ ಆದಳು! ಮಡಕಶಿರದಲ್ಲಿ, ಪರ್ಮನೆಂಟ್ ಕೆಲಸ. ಕಳೆದ ಸೋಮವಾರ ಬೆಳಿಗ್ಗೆ ಪೋಸ್ಟಿನವನು ಆರ್ಡರ್ ತಂದುಕೊಟ್ಟಾಗ ನಾನು ಅವನ ಬಾಯಿಗೆ ಬೆಲ್ಲ ಹಾಕಿದೆ, ಎದುರು ಮನೆಯವರಿಗೆ ಹಾಕಿದೆ, ಹಾಲಿನವನಿಗೆ ಹಾಕಿದೆ, "ಪಾತ್ರೆಗೆ ಕಲಾಯಿ" ಎಂದು ಕೂಗುತ್ತ ಹೋಗುತ್ತಿದ್ದ ಗುರುತಿಲ್ಲದ ಮನುಷ್ಯನನ್ನೂ ನಿಲ್ಲಿಸಿ ಹಾಕಿದೆ. "ಅಜ್ಜಿ, ಡಬ್ಬಿ ಖಾಲಿ ಆಗ್ತೈತಿ, ಸಾಕು ಬಿಡು" ಎಂದು ವನಜ ನಕ್ಕಳು. ಆಗಲಿ ಬಿಡಿ. ಓದುವ ಮನೆಯ ಕಸ ಗುಡಿಸಿದವಳ ಮೊಮ್ಮಗಳು ಲೈಬ್ರರಿಯ ಬೀಗದ ಕೈ ಹಿಡಿಯುತ್ತಾಳೆ ಎಂದರೆ ಬೆಲ್ಲದ ಮುಖ ಯಾರು ನೋಡುತ್ತಾರೆ?

ಮಧ್ಯಾಹ್ನ ಅವಳೇ ನನ್ನ ಪಕ್ಕ ಬಂದು ಕೂತಳು. ಆ ಕಡೆಯ ಲೈಬ್ರರಿಗಳವರೆಲ್ಲ ತಿಂಗಳಿಗೊಮ್ಮೆ ಕೆಲಸ ಮುಗಿದ ಮೇಲೆ ಒಂದೆಡೆ ಸೇರುತ್ತಾರಂತೆ. ಸರ್ಕಾರದ ಮೀಟಿಂಗಲ್ಲ, ಸುಮ್ಮನೆ. ತಮಗೆ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಂತೆ. "ಹೊಸಬಳು ನಾನು, ಏನು ಹೇಳ್ಲಿ ಅಜ್ಜಿ? ನಿನ್ನ ಅಂಟಿನ ಕಥಿ ಬರದು ಕೊಡು. ಅದನ್ನ ಓದ್ತೀನಿ" ಎಂದಳು. ನಾನು ಎರಡನೇ ಕ್ಲಾಸಿನವರೆಗೆ ಓದಿದವಳು. ನನಗೆ ಅಕ್ಷರ ಸರಿಯಾಗಿ ಹತ್ತಿದ್ದು ಶಾಲೆಯಲ್ಲಲ್ಲ, ಪುಸ್ತಕಗಳ ಬೆನ್ನು ಒರೆಸುತ್ತ ಒರೆಸುತ್ತ. ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಹೇಳಿಯೇ ಬರೆಯುತ್ತಿದ್ದೇನೆ. ಸಂತೋಷದ ಹೊತ್ತಿನಲ್ಲಿ ಇಂಥ ಕಥೆ ಯಾಕೆ ಎಂದು ನೀವು ಕೇಳಬಹುದು. ಈ ಕಥೆ ಒಂದು ತುತ್ತಿನಷ್ಟು ಆಚೆಗೆ ಹೋಗಿದ್ದರೆ ವನಜ ಹುಟ್ಟುತ್ತಲೇ ಇರಲಿಲ್ಲ.

ಅದು ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮಡಕಶಿರ ಅನಂತಪುರ ಜಿಲ್ಲೆಯಲ್ಲಿತ್ತು, ಎರಡರ ಮೇಲೂ ಮದರಾಸು ಸರ್ಕಾರವಿತ್ತು. ಕೋಟೆಬೆಟ್ಟದ ಕೆಳಗಿನ ನೇಕಾರರ ಬೀದಿಯಲ್ಲಿ ಊರಿನ ದೊಡ್ಡವರು ಕೂಡಿ ನಡೆಸುತ್ತಿದ್ದ ಒಂದು ಸಣ್ಣ ಓದುವ ಮನೆ ಇತ್ತು. ಕನ್ನಡ, ತೆಲುಗು ಪುಸ್ತಕಗಳ ನಾಲ್ಕು ಕಪಾಟು, ಪೇಪರು ಓದಲು ಒಂದು ಉದ್ದನೆಯ ಮೇಜು. ನನ್ನ ಗಂಡ ಪಲ್ಟನ್ನಿಗೆ ಸೇರಿ ಎಲ್ಲೋ ದೂರ ಹೋಗಿದ್ದರು. ಕಸ ಗುಡಿಸುವುದು, ನೀರು ತುಂಬುವುದು, ಬೈಂಡಿಂಗಿಗೆ ಅಂಟು ಕಾಯಿಸುವುದು, ಇವು ನನ್ನ ಕೆಲಸ. ಎಲ್ಲರೂ ನನ್ನನ್ನು ಓಬಕ್ಕ ಎನ್ನುತ್ತಿದ್ದರು.

ಓದುವ ಮನೆ ನೋಡಿಕೊಳ್ಳುತ್ತಿದ್ದವರು ಶಾಮಣ್ಣನವರು. ಹರಿದ ಹಾಳೆ ಕಂಡರೆ ಅವರಿಗೆ ಯಾರೋ ಬಿದ್ದು ಮಂಡಿ ತರಚಿಕೊಂಡಷ್ಟು ಸಂಕಟ. ಎರಡು ಮೂರು ತಿಂಗಳಿಗೊಮ್ಮೆ ಸುತ್ತಲಿನ ಊರುಗಳಲ್ಲಿ ಓದುವ ಮನೆ ನಡೆಸುವವರನ್ನು ಕರೆದು ಅವರು ಒಂದು ಕೂಟ ಸೇರಿಸುತ್ತಿದ್ದರು. ಅಧ್ಯಕ್ಷರಿಲ್ಲ, ಭಾಷಣವಿಲ್ಲ. ನಿಯಮ ಒಂದೇ: ಬರುವವರು ಒಂದು ಹರಿದ ಪುಸ್ತಕ ತರಬೇಕು, ಒಂದು ಹೊಸ ಉಪಾಯ ತರಬೇಕು. ಎರಡರಲ್ಲಿ ಒಂದು ಮರೆತರೂ ಉಪ್ಪಿಟ್ಟು ಸಿಗದು. ಕಪಾಟಿನ ಕಾಲನ್ನು ನೀರಿನ ಬಟ್ಟಲಿನಲ್ಲಿ ಇಟ್ಟರೆ ಗೆದ್ದಲು ಹತ್ತುವುದಿಲ್ಲ, ಬಜೆ ಬೇರನ್ನು ಬಟ್ಟೆಯಲ್ಲಿ ಕಟ್ಟಿಟ್ಟರೆ ಹುಳು ಬರುವುದಿಲ್ಲ, ಪುಸ್ತಕ ಒಯ್ದು ಕೊಡದವರ ಮನೆಗೆ ಹಬ್ಬದ ದಿನವೇ ಹೋಗಿ ನೆಂಟರ ಮುಂದೆ ಕೇಳಬೇಕು, ಇಂಥವೆಲ್ಲ ಅಲ್ಲಿ ಬರುತ್ತಿದ್ದವು. ನಾನು ಬಾಗಿಲ ಬಳಿ ಅಂಟು ಕಲಸುತ್ತ ಕೇಳುತ್ತಿದ್ದೆ.

ನಮ್ಮ ಅಂಟಿನ ವಿಷಯ ಇಲ್ಲಿ ಹೇಳಬೇಕು. ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಗಂಜಿಯ ಹಾಗೆ ಕಾಯಿಸಿದರೆ ಅಂಟಾಗುತ್ತದೆ. ಹಾಗೇ ಬಿಟ್ಟರೆ ಹುಳು ತಿನ್ನುತ್ತದೆ. ಅದಕ್ಕೆಂದು ಮೈಲುತುತ್ತ ಹಾಕುತ್ತಿದ್ದೆವು. ಮೈಲುತುತ್ತ ವಿಷ, ಬಣ್ಣದಲ್ಲಿ ನೀಲಿ. ಅಂಟೂ ನೀಲಿಯಾಗುತ್ತಿತ್ತು, ನನ್ನ ಬೆರಳೂ ನೀಲಿ, ಪುಸ್ತಕದ ಅಂಚೂ ನೀಲಿ.

ಮಡಕಶಿರದಿಂದ ಬರುತ್ತಿದ್ದ ನಂಜಪ್ಪನವರಿಗೆ ಅದೇ ತಮಾಷೆ. ಅಲ್ಲಿನ ಓದುವ ಮನೆ ಅವರ ಕೈಯಲ್ಲಿತ್ತು. ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ, ಅರ್ಧ ದಾರಿ ಅದನ್ನು ನೂಕಿಕೊಂಡು, ಮುಖವೆಲ್ಲ ಮಸಿ ಮಾಡಿಕೊಂಡು ಬಂದಿಳಿಯುತ್ತಿದ್ದರು. ಒಂದು ಕೂಟದಲ್ಲಿ ನಮ್ಮದೊಂದು ಪುಸ್ತಕ ಬಿಚ್ಚಿ, "ಏನ್ ಶಾಮಣ್ಣೋರೆ, ನಿಮ್ಮ ಪುಸ್ತಕಕ್ಕೆಲ್ಲ ನೀಲಿ ಮೀಸೆ ಬಂದೈತಲ್ಲ! ಓದೋಕೆ ಮುಂಚೆ ಚೌರ ಮಾಡಿಸ್ಬೇಕು" ಎಂದಿದ್ದರು.

"ಮೊದಲು ನಿನ್ನ ಮುಖದ ಮಸಿ ತೊಳಕೋ ಮಾರಾಯ, ಆಮ್ಯಾಲೆ ನಮ್ಮ ಮೀಸಿ ನೋಡೀವಂತಿ" ಎಂದು ಶಾಮಣ್ಣನವರು ನಕ್ಕಿದ್ದರು. ಆದರೆ ಅದು ಅವರ ಮನಸ್ಸಿಗೆ ಹತ್ತಿತ್ತು. ಆ ರಾತ್ರಿ ಬೀಗ ಹಾಕುವ ಮುಂಚೆ ನೀಲಿ ಅಂಚಿನ ಹಾಳೆಗಳನ್ನು ಬೆರಳಿನಿಂದ ಉಜ್ಜಿ ಉಜ್ಜಿ ನೋಡುತ್ತಿದ್ದರು.

ನಾನು ಹೇಳುತ್ತಿರುವ ಕೂಟ ಅದರ ಮುಂದಿನದು, ಒಂದು ಬೇಸಿಗೆಯ ದಿನ. ಅಂದು ನಂಜಪ್ಪನವರು ತಂದ ಉಪಾಯ ಒಂದು ಕಾಗದದ ಪೊಟ್ಟಣದಲ್ಲಿತ್ತು. ಬಿಳಿ ಪಾಷಾಣ. ಗಂಧಿಗೆ ಅಂಗಡಿಯಲ್ಲಿ ಇಲಿಗೆ ಇಡಲು ಕೊಡುತ್ತಾರಲ್ಲ, ಅದೇ. "ತುತ್ತದ ಬದಲಿಗೆ ಇದನ್ನ ಆಕಿ. ಬಣ್ಣ ಬರಲ್ಲ, ವಾಸನೆ ಬರಲ್ಲ. ಉಳ ಅತ್ರಕ್ಕೂ ಬರಲ್ಲ" ಎಂದರು. ಶಾಮಣ್ಣನವರ ಕಣ್ಣು ಅರಳಿತು. ಬಣ್ಣವಿಲ್ಲ, ವಾಸನೆಯಿಲ್ಲ ಎನ್ನುವುದನ್ನು ಎಲ್ಲರೂ ಗುಣವೆಂದೇ ಎಣಿಸಿದರು.

ಅವರು ಹೇಳಿದಂತೆ ನಾನು ದೊಡ್ಡ ಪಾತ್ರೆಯಲ್ಲಿ ಅಂಟು ಕಾಯಿಸಿದೆ. ಹಾಲಿನ ಕೆನೆಯ ಹಾಗೆ ಬೆಳ್ಳಗಿತ್ತು. ತಣಿಯಲೆಂದು ಜಗುಲಿಯ ಮೇಲಿಟ್ಟಾಗ ಅದರ ಅಂಚಿಗೆ ನೊಣಗಳು ಬಂದು ಕೂತವು. ಸ್ವಲ್ಪ ಹೊತ್ತಿಗೆ ಪಾತ್ರೆಯ ಸುತ್ತ ಕರಿ ಎಳ್ಳು ಚೆಲ್ಲಿದ ಹಾಗೆ ಸತ್ತು ಬಿದ್ದಿದ್ದವು. ಎಲ್ಲರೂ ಎದ್ದು ಬಂದು ನೋಡಿದರು.

"ನೋಡ್ರಿ, ನೋಡ್ರಿ! ಹೆಂಗ ಕೆಲಸ ಮಾಡೈತಿ!" ಎಂದು ಶಾಮಣ್ಣನವರು ಕೈ ತಟ್ಟಿದರು. ಅಮರಾಪುರದ ಮೇಷ್ಟ್ರೊಬ್ಬರು ಬಗ್ಗಿ, ಸತ್ತ ನೊಣವನ್ನು ಕಡ್ಡಿಯಿಂದ ತಿರುಗಿಸಿ ನೋಡಿ, ಭೇಷ್ ಎಂದರು. ನಾನೂ ನಕ್ಕೆ.

ತಂದ ಪುಸ್ತಕಗಳಿಗೆಲ್ಲ ಬೆಳಗಿನಿಂದ ಕೂತು ಬೆನ್ನು ಕಟ್ಟಿದರು. ಪಕ್ಕದ ಮನೆಯಿಂದ ಮಗ್ಗದ ಸದ್ದು ಬರುತ್ತಲೇ ಇತ್ತು. ಅದು ನೇಕಾರ ಈರಪ್ಪನ ಮನೆ. ಅವನ ಹೆಂಡತಿ ಈರಮ್ಮ ನನಗೆ ಅಕ್ಕನಿದ್ದ ಹಾಗೆ. ನನ್ನ ಮಗಳು ಗೌರಿ, ಆಗಿನ್ನೂ ಹಲ್ಲು ಬೀಳುವ ವಯಸ್ಸು, ನಾನು ಕೆಲಸದಲ್ಲಿರುವಾಗ ಅವರ ಮಕ್ಕಳ ಜೊತೆಗೇ ಇರುತ್ತಿದ್ದಳು, ಅವರ ಜೊತೆಗೇ ಉಣ್ಣುತ್ತಿದ್ದಳು. ಯುದ್ಧದ ದಿನಗಳಲ್ಲಿ ನೂಲಿಗೂ ಸಾಲು, ಜೋಳಕ್ಕೂ ಸಾಲು. ಆ ಮನೆಯಲ್ಲಿ ಒಲೆ ದಿನಕ್ಕೆ ಒಮ್ಮೆ ಹತ್ತಿದರೆ ಹೆಚ್ಚು. ಅಂದು ಈರಪ್ಪ ನೂಲಿನ ಸಾಲಿಗೆ ಹೋಗಿದ್ದ, ಮಗ್ಗದಲ್ಲಿ ಈರಮ್ಮ ಕೂತಿದ್ದಳು.

ನೇಕಾರರು ಹಾಸು ನೂಲಿಗೆ, ಅಂದರೆ ಮಗ್ಗಕ್ಕೆ ಏರಿಸುವ ಉದ್ದ ಎಳೆಗಳಿಗೆ, ಗಂಜಿ ಹಚ್ಚಿ ಗಟ್ಟಿ ಮಾಡಿಕೊಳ್ಳುತ್ತಾರೆ. ಮಿಕ್ಕ ಅಂಟನ್ನು ನಾವು ಚೆಲ್ಲುವಾಗಲೆಲ್ಲ ಈರಮ್ಮ, "ಹಿಂಗ ಹಿಟ್ಟು ಚೆಲ್ತೀರಲ್ರಿ! ನೀಲಿ ಒಂದು ಇರಲಿಲ್ಲ ಅಂದ್ರ ನಮ್ಮ ನೂಲಿಗೆ ಆಗ್ತಿತ್ತು" ಎಂದು ಲೊಚಗುಟ್ಟುತ್ತಿದ್ದಳು.

ಮಧ್ಯಾಹ್ನ ಕೆಲಸ ಮುಗಿಯಿತು. ನಾನು ಹಿತ್ತಲಲ್ಲಿ ಉಪ್ಪಿಟ್ಟಿಗೆ ಒಲೆ ಹಚ್ಚಿ ಒಳಗೆ ಬರುವಾಗ ನಂಜಪ್ಪನವರು ಎಲ್ಲರ ಕೈಗೂ ಸೀಗೆಪುಡಿ ಹಾಕುತ್ತಿದ್ದರು. "ಉಗುರೊಳಗೆಲ್ಲ ಉಜ್ಕಳಿ. ಒಂಚೂರೂ ಇರಬಾರದು" ಎಂದು ಎರಡೆರಡು ಸಲ ತೊಳೆಸಿದರು. ಪಾತ್ರೆಯನ್ನೂ ತೊಳೆದುಬಿಡೋಣವೆಂದು ನೋಡಿದರೆ ಜಗುಲಿಯ ಮೇಲೆ ಪಾತ್ರೆ ಇರಲಿಲ್ಲ. ಸತ್ತ ನೊಣಗಳು ಒಂದು ಉಂಗುರದ ಹಾಗೆ ಬಿದ್ದಿದ್ದವು, ನಡುವೆ ಬರಿ ಕಲ್ಲು.

"ಶಾಮಣ್ಣಾರ, ಅಂಟಿನ ಪಾತ್ರಿ ಎಲ್ರಿ?"

"ಈರಮ್ಮಗ ಕೊಟ್ಟೆನವ್ವ. ಪಾಪ, ಎಷ್ಟು ದಿನದಿಂದ ಕೇಳ್ತಿದ್ಲು. ಈ ಸಲ ಬೆಳ್ಳಗೈತಿ, ನೂಲಿಗೆ ಹಚ್ಚಿಕೋ ಅಂದೆ. ಅರ್ಧ ಪಾತ್ರಿ ಇತ್ತು."

ನಂಜಪ್ಪನವರ ಕೈಯಿಂದ ನೀರಿನ ಚೊಂಬು ಕೆಳಗಿಳಿಯಿತು. "ವಿಷ ಐತೆ ಅಂತ ಹೇಳಿದ್ರಾ?"

"ನಮ್ಮ ಅಂಟು ಯಾರು ತಿಂತಾರೋ ಮಾರಾಯ? ಇಷ್ಟು ವರ್ಷದಾಗ ಯಾರರ..." ಎಂದು ಶುರು ಮಾಡಿದ ಶಾಮಣ್ಣನವರು ಅಲ್ಲಿಗೇ ನಿಂತರು.

ಇಷ್ಟು ವರ್ಷ ಯಾರೂ ತಿಂದಿರಲಿಲ್ಲ, ನಿಜ. ತಿನ್ನಬೇಡಿ ಎಂದು ನಾವು ಯಾರಿಗೂ ಹೇಳಿಯೂ ಇರಲಿಲ್ಲ. ನೀಲಿ ಬಣ್ಣವೇ ಹೇಳುತ್ತಿತ್ತು. ಹೇಳುವುದು ನಮ್ಮ ಕೆಲಸ ಎಂದು ಯಾರಿಗೂ ಹೊಳೆದಿರಲಿಲ್ಲ.

ಆಗ ನನಗೆ ಒಂದು ಗೊತ್ತಾಯಿತು. ಮಗ್ಗದ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಯಾರಿಗೂ ತಿಳಿಯದು. ಬೆಳಗಿನಿಂದ ಕಿವಿಯಲ್ಲಿದ್ದ ಸದ್ದು, ಇಲ್ಲವಾದದ್ದೇ ಅರಿವಿಗೆ ಬಂದಿರಲಿಲ್ಲ. ಬೀದಿ ಬಿಸಿಲಿನಲ್ಲಿ ಹೆಣದ ಹಾಗೆ ಮಲಗಿತ್ತು. ನಾನು "ಗೌರೀ" ಎಂದು ಕೂಗಿದೆ. ಉತ್ತರವಿಲ್ಲ.

ಎರಡು ಮನೆಗಳ ನಡುವೆ ಒಂದು ಗೋಡೆಯಷ್ಟೇ ದೂರ. ಅಷ್ಟು ಓಡುವುದರೊಳಗೆ ಮನಸ್ಸು ಏನೇನು ತೋರಿಸಿತೋ ಅದನ್ನು ನಾನು ಬರೆಯುವುದಿಲ್ಲ. ಬಾಗಿಲು ಮುಂದಕ್ಕೆ ಹಾಕಿತ್ತು. ನೂಕಿದರೆ ಒಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು: ಮಕ್ಕಳು ಸಾಲಾಗಿ ಗೋಡೆಗೆ ಒರಗಿ ಕೂತಿದ್ದರು, ಕೊನೆಯಲ್ಲಿ ನನ್ನ ಗೌರಿ. ಯಾರೂ ಮಾತಾಡುತ್ತಿರಲಿಲ್ಲ, ಅಲುಗಾಡುತ್ತಲೂ ಇರಲಿಲ್ಲ. ಎಲ್ಲರ ಮುಂದೆ ತಟ್ಟೆ. ತಟ್ಟೆಯಲ್ಲಿ ಬೆಳ್ಳನೆಯ ಗಂಜಿ, ಪಕ್ಕಕ್ಕೆ ಒಂದು ತುಂಡು ಉಳ್ಳಾಗಡ್ಡಿ.

ಗೌರಿ ಕಣ್ಣು ಮಿಟುಕಿಸಿದಳು. ಮಕ್ಕಳ ಕೈ ತೊಡೆಯ ಮೇಲಿತ್ತು. ಕಣ್ಣು ಮಾತ್ರ ತಟ್ಟೆಯಲ್ಲಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ. ಎಷ್ಟೇ ಹಸಿವಿರಲಿ, ಮನೆಯವರೆಲ್ಲ ಕೂಡುವವರೆಗೆ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ಈರಪ್ಪ ಸಾಲಿನಿಂದ ಬರಿಗೈಯಲ್ಲಿ ಅದೇ ಆಗ ಬಂದು, ಕಾಲು ತೊಳೆದುಕೊಂಡು ತಟ್ಟೆಯ ಮುಂದೆ ಕೂತಿದ್ದ. "ಏನವ್ವ, ಎಲ್ಲಾರೂ ಬಂದ್ರಿ? ಬರ್ರಿ, ಉಣ್ಣಾಕ ಬರ್ರಿ" ಎಂದು ನಮ್ಮನ್ನು ಕರೆಯುತ್ತಲೇ ತಟ್ಟೆಗೆ ಕೈ ಹಾಕಿದ. ಮಕ್ಕಳ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು.

ನನ್ನ ಪಕ್ಕದಿಂದ ನಂಜಪ್ಪನವರು ಕಾಲಿನ ಮೆಟ್ಟೂ ಬಿಡದೆ ಒಳಗೆ ನುಗ್ಗಿ ಈರಪ್ಪನ ತಟ್ಟೆಯನ್ನು ಒದ್ದರು. ಗಂಜಿ ಗೋಡೆಗೆ ಹಾರಿತು. ನಾನು ಮಕ್ಕಳ ತಟ್ಟೆಗಳನ್ನು ಕೈಯಿಂದ ಬಳಿದು ಮಗುಚಿದೆ.

ಈರಪ್ಪ ಎದ್ದವನೇ ನಂಜಪ್ಪನವರ ಕೆನ್ನೆಗೆ ಬಾರಿಸಿದ. "ಉಣ್ಣೋ ಕೂಳಿಗೆ ಒದೀತಿಯೇನಲೇ! ಮಕ್ಕಳು ನಿನ್ನೆಯಿಂದ ಉಪವಾಸ ಅದಾವ. ನಿನ್ನ ಕಾಲು ಸೇದಿ ಹೋಗ!"

ನಂಜಪ್ಪನವರು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಒಡಿಯಪ್ಪ, ಇನ್ನೊಂದು ಒಡಿ. ಅದು ಗಂಜಿ ಅಲ್ಲ. ಅದ್ರಾಗೆ ಪಾಷಾಣ ಐತೆ" ಎಂದರು.

ನಾನು ಒಬ್ಬೊಬ್ಬ ಮಗುವಿನ ಬಾಯಿ ತೆರೆದು ಮೂಸಿ ನೋಡಿದೆ. ಯಾರೂ ಮುಟ್ಟಿರಲಿಲ್ಲ. ಗೌರಿಯನ್ನು ಎದೆಗೆ ಒತ್ತಿಕೊಂಡು, ಅಬ್ಬಾ, ಉಳಿದೆವು ಎಂದು ನಾನು ಅಳುವುದಕ್ಕೆ ಶುರು ಮಾಡಿದಾಗ ಒಲೆಯ ಬಳಿಯಿಂದ ಈರಮ್ಮನ ದನಿ ಬಂತು. ಮೆಲ್ಲಗೆ, ಯಾರಿಗೋ ತೊಂದರೆ ಕೊಡಬಾರದು ಎನ್ನುವಂತೆ.

"ನಾ ಉಪ್ಪು ನೋಡೀನಿ."

ಒಂದು ಸೌಟು. ಉಪ್ಪು ಸರಿಯಾಗಿದೆಯೋ ಎಂದು ಮೊದಲು ನಾಲಿಗೆಗೆ, ಹಸಿವು ತಡೆಯದೆ ಮಿಕ್ಕದ್ದನ್ನೂ ಕುಡಿದುಬಿಟ್ಟಿದ್ದಳು. ಅರ್ಧ ಅಂಟನ್ನು ನೂಲಿಗೆಂದು ಮುಚ್ಚಿಟ್ಟು, ಅರ್ಧಕ್ಕೆ ಮಜ್ಜಿಗೆ, ಉಪ್ಪು ಕಲಸಿದ್ದಳು. "ನೂಲು ನಾಳೆ ಉಂಡರೂ ನಡೀತೈತಿ. ಹುಡುಗ್ರು ಇವತ್ತೇ ಉಣಬೇಕಲ್ಲ ಓಬಕ್ಕ" ಎಂದು ನನ್ನ ಮುಖ ನೋಡಿದಳು. ಅಷ್ಟರಲ್ಲಿ ಅವಳ ಹಣೆಯ ಮೇಲೆ ಬೆವರು ಸಾಲಾಗಿ ನಿಂತಿತ್ತು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ, ಜಟಕಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಹೊರಗೆ ಬಂದು "ರಾತ್ರಿ ಕಳೆದರೆ ನೋಡೋಣ" ಎಂದಷ್ಟೇ ಹೇಳಿದರು. ಈರಪ್ಪ ಆಸ್ಪತ್ರೆಯ ಕಂಬ ತಬ್ಬಿಕೊಂಡು ನಿಂತಿದ್ದ. ಅವನ ಏಟಿಗೆ ಊದಿದ ಕೆನ್ನೆಯಲ್ಲೇ ನಂಜಪ್ಪನವರು ಅವನ ಕಾಲ ಬಳಿ ಕೂತಿದ್ದರು. ಶಾಮಣ್ಣನವರು ತಾವೇ ಠಾಣೆಗೆ ಹೋಗಿ, ಕೊಟ್ಟವನು ನಾನು ಎಂದು ಹೇಳಿ ಬಂದರು. ಪೊಲೀಸರು ಕೇಳಿದಾಗ ಈರಪ್ಪ, "ಕೊಲ್ಲಾಕ ಕೊಟ್ಟಿಲ್ರಿ, ಬದುಕಲಿ ಅಂತ ಕೊಟ್ಟಾರ" ಎಂದ. ಅದಕ್ಕಿಂತ ದೊಡ್ಡ ಶಿಕ್ಷೆ ಶಾಮಣ್ಣನವರಿಗೆ ಬೇರೆ ಬೇಕಿರಲಿಲ್ಲ.

ಈರಮ್ಮ ಬದುಕಿದಳು. ವಾರಗಟ್ಟಲೆ ಹಾಸಿಗೆ ಹಿಡಿದು, ಕೂದಲು ಉದುರಿ, ಎಲುಬಾಗಿ ಎದ್ದಳು. ಆದರೆ ಬೆರಳ ತುದಿ ಸತ್ತುಹೋಗಿತ್ತು. ಬಿಸಿ ತಣ್ಣಗೆ ತಿಳಿಯದು, ನೂಲು ಮುಟ್ಟಿದರೆ ಮುಟ್ಟಿದ್ದು ತಿಳಿಯದು. ನೇಕಾರರ ಮನೆಯ ಹೆಂಗಸಿಗೆ ಕಡಿದ ಎಳೆ ಕೂಡಿಸಲು ಬಾರದಿದ್ದರೆ ಏನುಳಿಯಿತು? ಅವಳು ಮತ್ತೆ ಮಗ್ಗದಲ್ಲಿ ಕೂರಲಿಲ್ಲ.

ಅಂದು ಬೆನ್ನು ಕಟ್ಟಿದ ಪುಸ್ತಕಗಳನ್ನೆಲ್ಲ, ಮುಚ್ಚಿಟ್ಟಿದ್ದ ಅಂಟಿನ ಜೊತೆ, ಡಾಕ್ಟರ ಮಾತಿನಂತೆ ಊರಾಚೆ ಆಳವಾದ ಗುಂಡಿಯಲ್ಲಿ ಹೂಳಿದರು. ಒಂದು ಹಾಳೆ ಹರಿದರೆ ಊಟ ಬಿಡುತ್ತಿದ್ದ ಶಾಮಣ್ಣನವರೇ ಗುದ್ದಲಿ ಹಿಡಿದರು, ಯಾರ ಕೈಗೂ ಕೊಡಲಿಲ್ಲ.

ಕೂಟ ನಿಂತುಹೋಯಿತು. ಮಡಕಶಿರದ ಬಸ್ಸು ಬಂದರೂ ನಂಜಪ್ಪನವರು ಇಳಿಯುತ್ತಿರಲಿಲ್ಲ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಈರಮ್ಮ ಗೋಡೆ ಹಿಡಿದುಕೊಂಡು ಓದುವ ಮನೆಗೆ ಬಂದು, ಉದ್ದನೆಯ ಮೇಜಿನ ಮುಂದೆ ಕೂತಳು.

"ಯಾಕ್ರಿ ಶಾಮಣ್ಣಾರ, ಮಂದಿ ಸೇರಿಸೋದು ಬಿಟ್ರಿ?"

"ಇನ್ನ ಯಾವ ಮುಖ ಇಟಗೊಂಡು ಸೇರಿಸ್ಲವ್ವ?"

"ನೀವು ಹೇಳಿಕೊಂಡಿದ್ದಕ್ಕ ಹಿಂಗಾಗಲಿಲ್ರಿ. ಅರ್ಧ ಹೇಳಿದ್ದಕ್ಕ ಆತು. ಪೂರ್ತಿ ಹೇಳೋದು ಕಲೀರಿ. ನನ್ನ ಕೈಯಂತೂ ಹೋತು, ಸುಮ್ಮನ ಹೋತು ಅನಿಸಬ್ಯಾಡ್ರಿ."

ಶಾಮಣ್ಣನವರು ಅಂದೇ ಪತ್ರ ಹಾಕಿದರು. ನಂಜಪ್ಪನವರು ಮುಖದ ಮಸಿಯೊಡನೆ ಬಂದಿಳಿದು, ಒಳಗೆ ಬರದೆ ಬಾಗಿಲಲ್ಲೇ ನಿಂತರು. ಈರಪ್ಪ ಹೋಗಿ ಕೈ ಹಿಡಿದು ಕರೆತಂದ. ಅಂದಿನಿಂದ ನಿಯಮಕ್ಕೆ ಮೂರನೆಯದು ಸೇರಿತು: ಹರಿದ ಪುಸ್ತಕ, ಹೊಸ ಉಪಾಯ, ಆಮೇಲೆ ಆ ಉಪಾಯ ಯಾರ ಮನೆ ಹಾಳು ಮಾಡಬಹುದು ಎಂಬ ಮಾತು. ಮೂರನೆಯದನ್ನು ಕೇಳುವವಳು ಈರಮ್ಮ. ಯಾರಾದರೂ ಹುಮ್ಮಸ್ಸಿನಲ್ಲಿ ಹೇಳಿ ಮುಗಿಸಿದರೆ, ಮೂಲೆಯಿಂದ "ಅದು ಹುಡುಗ್ರ ಕೈಗೆ ಸಿಕ್ರ?" ಎನ್ನುತ್ತಿದ್ದಳು. ಎಷ್ಟೋ ಉಪಾಯಗಳು ಅಲ್ಲೇ ಬಿದ್ದುಹೋದವು. ಅಂಟು ಮತ್ತೆ ನೀಲಿಯಾಯಿತು. ನೀಲಿ ಮೀಸೆಯ ಬಗ್ಗೆ ನಂಜಪ್ಪನವರು ಮತ್ತೆಂದೂ ನಗಲಿಲ್ಲ.

ವನಜ, ನಿನ್ನ ಕೂಟದಲ್ಲಿ ಇದನ್ನು ಓದುವಾಗ ಇಷ್ಟು ಸೇರಿಸು. ಹೊಸದನ್ನು ಕಲಿಯಬೇಡಿ ಎಂದು ನಿನ್ನ ಅಜ್ಜಿ ಹೇಳುತ್ತಿಲ್ಲ. ಹಳೆಯ ಪದ್ಧತಿಯಲ್ಲಿ ಒಂದು ಕುಂದು ಕಂಡು ಅದನ್ನು ತೆಗೆಯುವ ಮುಂಚೆ, ಆ ಕುಂದು ಅಲ್ಲಿ ಕೂತು ಯಾರನ್ನಾದರೂ ಕಾಪಾಡುತ್ತಿದೆಯೇ ಎಂದು ಒಮ್ಮೆ ನೋಡಿ. ನನ್ನ ಕೆಲಸ ನನಗೆ ಕಲಿಸಿದ್ದು ಇದೊಂದೇ, ಬೇರೆ ಓದು ನನಗಿಲ್ಲ.

ಆ ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಹೋಳಿಗೆ. ಅಡಿಗೆ ಮಾಡಿದ್ದು ಗೌರಿ, ವನಜಳ ತಾಯಿ, ಅಂದು ಸಾಲಿನ ಕೊನೆಯಲ್ಲಿ ಕೂತಿದ್ದ ಮಗು. ಈರಮ್ಮನನ್ನು ಅವಳ ಮಕ್ಕಳು ಮೊಮ್ಮಕ್ಕಳು ಕೈ ಹಿಡಿದು ಕರೆತಂದರು. ಈರಪ್ಪ ತೀರಿಕೊಂಡು ವರ್ಷಗಳಾದವು, ಆದರೂ ನಾವು ಎರಡು ಮನೆಯವರು ಒಂದೇ ಎಂದೇ ಬದುಕಿದ್ದೇವೆ. ತಟ್ಟೆ ಬಡಿಸಿಟ್ಟಾಗ ಅಳಿಯ ಇನ್ನೂ ಬಂದಿರಲಿಲ್ಲ, ಬಸ್ಸು ತಡ. ಚಿಕ್ಕವರೂ ಸೇರಿ ಎಲ್ಲರೂ ಕೈ ತೊಡೆಯ ಮೇಲಿಟ್ಟುಕೊಂಡು ಕಾದರು. ಹೋಳಿಗೆ ತಣ್ಣಗಾಯಿತು, ಆಗಲಿ. ಅವರು ಬಂದು ಕಾಲು ತೊಳೆದು ಕೂತ ಮೇಲೆ ವನಜ ಮೊದಲ ತುತ್ತು ಮಾಡಿ, ಬೆರಳು ಕೂಡದ ಈರಮ್ಮನ ಬಾಯಿಗಿಟ್ಟಳು.

ಈರಮ್ಮ ಮೆಲ್ಲಗೆ ಅಗಿದಳು. ಆಮೇಲೆ ಸಾರು ಹೀರಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಗೌರಿ ಅಡಿಗೆ ಮಾಡುವಾಗ ಎಂದೂ ಉಪ್ಪು ನೋಡುವುದಿಲ್ಲ, ಮದುವೆಯಾಗಿ ಇಷ್ಟು ವರ್ಷವಾದರೂ ಇಲ್ಲ.

"ಗೌರೀ," ಎಂದಳು ಈರಮ್ಮ, "ಸಾರಿಗೆ ಉಪ್ಪೇ ಇಲ್ಲಲ್ಲೇ."

ಮನೆಯೆಲ್ಲ ನಕ್ಕಿತು. ಉಪ್ಪಿನ ಬಟ್ಟಲು ಕೈಯಿಂದ ಕೈಗೆ ಸಾಗಿತು, ಎಲ್ಲರೂ ಉಂಡೆವು.